ಕೇಬಲ್ ವಿಸರ್ಜನೆ, ಸ್ಟಿಕ್ ಪ್ರತಿಷ್ಠಾಪನೆ: ಒಂದು ಶಾಸ್ತ್ರೀಯ ವಿವೇಚನೆ

ಕಿಟಕಿಯ ಸಂದಿಯಿಂದ ಒಳಬಂದು ಟಿವಿ ಸೇರಿರುವ ಕೇಬಲ್ ತಂತಿಯನ್ನು ಕಳಚಿ, ಟಿವಿಯ ಬೆನ್ನಿಗೆ ಬೆರಳುದ್ದದ ಸ್ಟ್ರೀಮಿಂಗ್ ಸ್ಟಿಕ್ಕೊಂದನ್ನು ಸಿಕ್ಕಿಸಿ, ಧಾರಾವಾಹಿ, ಸಿನಿಮಾ, ಕ್ರಿಕೆಟ್ಟುಗಳನ್ನು ವೈಫೈ ಮೂಲಕ ತರಿಸಿಕೊಳ್ಳುವ ಗೃಹ್ಯಕರ್ಮಕ್ಕೆ ಕೇಬಲ್ ವಿಸರ್ಜನೆ ಎಂದು ಹೆಸರು. ಶಾಸ್ತ್ರಗ್ರಂಥಗಳ ಪದ್ಧತಿಯಂತೆ ಇದಕ್ಕೂ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಬೇಕು. ವಿಷಯ: ಟಿವಿ. ಪ್ರಯೋಜನ: ತಿಂಗಳಿಗೆ ಮುನ್ನೂರು ರೂಪಾಯಿ ಉಳಿಯುತ್ತದೆ ಎಂಬ ನಂಬಿಕೆ. ಸಂಬಂಧ: ಅತ್ತೆ-ಸೊಸೆಯರ ನಡುವೆ, ಅಪ್ಪ-ಮಗನ ನಡುವೆ ರಿಮೋಟ್ ನಿಮಿತ್ತ ಈಗಾಗಲೇ ಹದಗೆಟ್ಟಿರುವಂಥದ್ದು. ಅಧಿಕಾರಿ, ಎಂದರೆ ಈ ಕರ್ಮವನ್ನು ಮಾಡಲು ಅರ್ಹನಾದವನು: ಮನೆಯಲ್ಲಿ ವೈಫೈ ಪಾಸ್‌ವರ್ಡ್ ನೆನಪಿರುವ ಏಕೈಕ ವ್ಯಕ್ತಿ. ಈತ ಸಾಮಾನ್ಯವಾಗಿ ಹೈಸ್ಕೂಲು ಮುಗಿಸಿರುವುದಿಲ್ಲ.

ಕೇಬಲ್ ಹೋಗುತ್ತದೆ, ಸ್ಟಿಕ್ ಬರುತ್ತದೆ. ಆದ್ದರಿಂದ ಇದು ಆದೇಶ ಸಂಧಿ ಎಂಬುದು ಪೂರ್ವಪಕ್ಷ. ಶಾಲೆಯ ವ್ಯಾಕರಣ ಮರೆತವರಿಗಾಗಿ ಹೇಳುವುದಾದರೆ, ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವಾಗ ಕಕಾರ ಎದ್ದುಹೋಗಿ ಆ ಜಾಗದಲ್ಲಿ ಗಕಾರ ಕೂರುತ್ತದೆ. ಸ್ಟಿಕ್ ಕೊಂಡವರೆಲ್ಲ ಇದನ್ನೇ ನಂಬಿ ಕೊಂಡಿರುತ್ತಾರೆ. ಆದರೆ ಲೋಕದ ಪ್ರಯೋಗಗಳನ್ನು ನೋಡಿದರೆ ಈ ಮತ ನಿಲ್ಲುವುದಿಲ್ಲ. ಗುರು ಮತ್ತು ಅನ್ನು ಸೇರಿ ಗುರುವನ್ನು ಆಗುವಾಗ ಇದ್ದ ಅಕ್ಷರ ಯಾವುದೂ ಹೋಗುವುದಿಲ್ಲ, ವಕಾರವೊಂದು ಹೊಸದಾಗಿ ನಡುವೆ ಬಂದು ಸೇರುತ್ತದೆ. ಸ್ಟಿಕ್ಕಿನದೂ ಇದೇ ಆಗಮ ಸಂಧಿ. ಆದೇಶವೆಂದು ಆರಂಭವಾದದ್ದು ಆಗಮವಾಗಿ ಮುಗಿಯುತ್ತದೆ ಎಂಬುದೇ ಈ ಪ್ರಬಂಧದ ಸಿದ್ಧಾಂತ. ಲೋಪ ಸಂಧಿಯೂ ಆಗುವುದುಂಟು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ.

ಇತಿಹಾಸವನ್ನು ಬೇಗ ಮುಗಿಸಬಹುದು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದ 1981ರಿಂದ ಸುಮಾರು ಒಂದು ದಶಕ ಅಂಟೆನಾ ಯುಗ. ತಾರಸಿಯ ಮೇಲೆ ತಿರುಗಿಸಲು ಒಬ್ಬ, ಟಿವಿ ಮುಂದೆ ನೋಡಲು ಒಬ್ಬ, ಮೆಟ್ಟಿಲಲ್ಲಿ ನಿಂತು 'ಬಂತು, ಹೋಯ್ತು' ದಾಟಿಸಲು ಇನ್ನೊಬ್ಬ, ಹೀಗೆ ಒಂದು ಚಿತ್ರಕ್ಕಾಗಿ ಮನೆಯ ಮೂವರು ಒಮ್ಮತದಿಂದ ದುಡಿದ ಕೊನೆಯ ಕಾಲಘಟ್ಟ ಅದು. ಅಂಟೆನಾ ಮೇಲೆ ಬಂದು ಕೂರುತ್ತಿದ್ದ ಕಾಗೆಯ ಪಾತ್ರ ಪ್ರತ್ಯೇಕ ಸಂಶೋಧನೆಗೆ ಅರ್ಹವಾದದ್ದು. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಉಪಗ್ರಹ ವಾಹಿನಿಗಳು ದೇಶದೊಳಗೆ ಕಾಲಿಟ್ಟವು, 1994ರಲ್ಲಿ ಉದಯ ಟಿವಿ ಬಂತು. ಸಂಸತ್ತು ಕೇಬಲ್‌ಗೆಂದು ಕಾಯ್ದೆ ಮಾಡಿದ್ದು 1995ರಲ್ಲಿ. ಅಷ್ಟು ಹೊತ್ತಿಗೆ ತಂತಿ ಬಡಾವಣೆಯ ಅರ್ಧ ಮರಗಳನ್ನು ಹತ್ತಿ ಇಳಿದಿತ್ತು.

ಕೇಬಲ್ ಯುಗದ ಸಂಸ್ಕೃತಿಯ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಆ ಯುಗದ ಕೇಂದ್ರಪುರುಷ ಕೇಬಲ್‌ನವನು. ಮನೆಯ ತಾರಸಿಯಲ್ಲಿ ದೊಡ್ಡ ಡಿಶ್ಶು, ಕೆಳಗೊಂದು ಕೋಣೆಯಲ್ಲಿ ಯಂತ್ರಗಳು, ತಿಂಗಳ ಮೊದಲ ವಾರ ರಸೀದಿ ಪುಸ್ತಕ ಹಿಡಿದು ಬರುವ ಹುಡುಗ. ಇಷ್ಟು ಅವನ ಸಾಮ್ರಾಜ್ಯ. ಅವನದೇ ಲೋಕಲ್ ಚಾನೆಲ್ಲೂ ಇರುತ್ತಿತ್ತು. ಅದರಲ್ಲಿ ರಾತ್ರಿ ಹಳೆಯ ರಾಜ್‌ಕುಮಾರ್ ಚಿತ್ರ, ನಡುವೆ ಮುಖ್ಯರಸ್ತೆಯ ಚಿನ್ನದಂಗಡಿಯ ಜಾಹೀರಾತು, ಕೆಳಗೆ ಓಡುವ ಪಟ್ಟಿಯಲ್ಲಿ ವಾರ್ಡಿನ ಯಾರದೋ ಹುಟ್ಟುಹಬ್ಬದ ಶುಭಾಶಯ, ಗಣೇಶನ ಹಬ್ಬ ಮುಗಿದ ಮೇಲೆ ವಾರಗಟ್ಟಲೆ ಅದೇ ಬೀದಿಯ ಮೆರವಣಿಗೆ. ಟಿವಿಯಲ್ಲಿ ತಮ್ಮನ್ನು ತಾವೇ ನೋಡಿಕೊಳ್ಳುವ ಭಾಗ್ಯ ಸಾಮಾನ್ಯ ಜನಕ್ಕೆ ಸಿಕ್ಕಿದ್ದು ಈ ಒಂದು ಚಾನೆಲ್ಲಿನಲ್ಲಿ ಮಾತ್ರ. ಯಾವ ಸ್ಟಿಕ್ಕೂ ಇದಕ್ಕೆ ಸಾಟಿಯಾದದ್ದನ್ನು ಇನ್ನೂ ಕೊಟ್ಟಿಲ್ಲ.

ಸಾಮ್ರಾಜ್ಯ ಅಲುಗಾಡಿದ್ದು ಎರಡು ಸಲ. 2013ರ ಮಾರ್ಚ್ ಅಂತ್ಯದ ಗಡುವಿನೊಂದಿಗೆ ಬೆಂಗಳೂರು, ಮೈಸೂರುಗಳಲ್ಲಿ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. ಟಿವಿ ಸ್ಟ್ಯಾಂಡಿನಲ್ಲಿ ಚನ್ನಪಟ್ಟಣದ ಗೊಂಬೆಗಳು ಪಕ್ಕಕ್ಕೆ ಸರಿದು ಜಾಗ ಬಿಟ್ಟವು. ಎರಡನೆಯದು 2019ರ ಫೆಬ್ರುವರಿ 1ರಂದು ಜಾರಿಗೆ ಬಂದ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರಪಟ್ಟಿ. ಆಗ ನೂರು ಚಾನೆಲ್‌ಗೆ 130 ರೂಪಾಯಿ, ಅದಕ್ಕೆ ಶೇಕಡಾ 18 ತೆರಿಗೆ, ಒಟ್ಟು 153 ರೂಪಾಯಿ 40 ಪೈಸೆ. ಇದು ಬರೀ ತಂತಿಯ ಶುಲ್ಕ. ಬೇಕಾದ ಪೇ ಚಾನೆಲ್ಲುಗಳನ್ನು ಗ್ರಾಹಕನೇ ಆರಿಸಿ ಒಂದೊಂದಕ್ಕೂ ಬೇರೆ ದುಡ್ಡು ಕೊಡಬೇಕಾಯಿತು. ಆವರೆಗೆ ಮನೆಯಲ್ಲಿ ಯಾರು ಏನು ನೋಡುತ್ತಾರೆ ಎಂಬುದು ಪರಸ್ಪರ ಗೌರವದಿಂದ ಮುಚ್ಚಿಟ್ಟ ಸಂಗತಿಯಾಗಿತ್ತು. ಈಗ ಊಟದ ಮೇಜಿನ ಮೇಲೆ ಫಾರಂ ಇಟ್ಟುಕೊಂಡು, 'ನಿಮ್ಮ ಸ್ಪೋರ್ಟ್ಸ್ ಚಾನೆಲ್ ಹತ್ತೊಂಬತ್ತು ರೂಪಾಯಿ ಬಾಳುತ್ತಾ?' ಎಂದು ಲೆಕ್ಕ ಕೇಳುವ ಪರಿಸ್ಥಿತಿ ಬಂತು. ಸ್ಟಿಕ್ಕಿನ ವಿಚಾರ ಬಹಳ ಮನೆಗಳಲ್ಲಿ ಮೊಳೆತದ್ದು ಈ ಮೇಜಿನ ಮೇಲೆಯೇ.

ಇನ್ನು ಸ್ಟಿಕ್ಕಿನ ಲಕ್ಷಣ. ಗೂಗಲ್‌ನ ಕ್ರೋಮ್‌ಕಾಸ್ಟ್ ಭಾರತಕ್ಕೆ 2014ರ ಡಿಸೆಂಬರ್‌ನಲ್ಲಿ, ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ 2017ರ ಏಪ್ರಿಲ್‌ನಲ್ಲಿ 3,999 ರೂಪಾಯಿ ಬೆಲೆಯೊಂದಿಗೆ ಬಂದವು. ಟಿವಿಯ ಹಿಂದಿನ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವುದು ಪ್ರತಿಷ್ಠಾಪನೆಯ ಮೊದಲ ಅಂಗ. ಗೋಡೆಗೆ ಅಂಟಿಸಿದ ಟಿವಿಯಲ್ಲಿ ಆ ಕಿಂಡಿ ಗೋಡೆಗೂ ಟಿವಿಗೂ ನಡುವೆ ಕೈ ಹೋಗದಷ್ಟು ಒಳಗಿರುವುದರಿಂದ ಈ ಅಂಗವನ್ನು ಕಣ್ಣುಮುಚ್ಚಿ, ಕೆನ್ನೆಯನ್ನು ಗೋಡೆಗೆ ಒತ್ತಿ, ಬೆರಳ ತುದಿಯಿಂದ ತಡವುತ್ತ ನೆರವೇರಿಸಬೇಕು. ಎರಡನೆಯ ಅಂಗ ವಿದ್ಯುತ್ತು. ಎಚ್‌ಡಿಎಂಐ ಕಿಂಡಿಯಲ್ಲಿ ಸಿಗುವ ವಿದ್ಯುತ್ತು ಸ್ಟಿಕ್ಕಿನ ಒಂದು ತುತ್ತಿಗೂ ಸಾಲದು. ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಟಿವಿಯದೇ ಯುಎಸ್‌ಬಿ ಕಿಂಡಿಯಿಂದ ಕೊಟ್ಟರೆ ಸಾಲದೇ ಎಂದು ಉಳಿತಾಯ ಮಾಡಿದವರ ಮನೆಯಲ್ಲಿ, ಹಳೆಯ ಟಿವಿಯ ಅರ್ಧ ಆಂಪಿಯರ್ ಸಾಕಾಗದೆ, ಸಿನಿಮಾದ ಕ್ಲೈಮ್ಯಾಕ್ಸಿಗೆ ಸರಿಯಾಗಿ ಸ್ಟಿಕ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಅಡಾಪ್ಟರ್ ಹಾಕೋಣವೆಂದರೆ ಟಿವಿ ಹಿಂದಿನ ಪ್ಲಗ್ಗುಗಳಲ್ಲಿ ಒಂದು ಟಿವಿಗೆ, ಒಂದು ಸೆಟ್ ಟಾಪ್ ಬಾಕ್ಸಿಗೆ, ಇನ್ನೊಂದು ಸೊಳ್ಳೆ ಓಡಿಸುವ ಯಂತ್ರಕ್ಕೆ ಎಂದೋ ಹಂಚಿಕೆಯಾಗಿರುತ್ತದೆ. ಸೆಟ್ ಟಾಪ್ ಬಾಕ್ಸನ್ನು ಕಿತ್ತರೆ ಜಾಗವಾಗುತ್ತದೆ. ಆದರೆ ಅದನ್ನು ಕಾಯಂ ಆಗಿ ಕೀಳುವಂತಿಲ್ಲ. ಕಾರಣ ಮುಂದೆ ಬರುತ್ತದೆ. ಹೀಗಾಗಿ ಎಕ್ಸ್‌ಟೆನ್ಷನ್ ಬಾಕ್ಸ್ ಒಂದನ್ನು ಕೊಳ್ಳಲಾಗುತ್ತದೆ. ಆಗಮ ಸಂಧಿಯ ಮೊದಲ ಉದಾಹರಣೆ ಇದು.

ಎರಡನೆಯ ಉದಾಹರಣೆ ರಿಮೋಟ್. ಟಿವಿಗೊಂದು, ಬಾಕ್ಸಿಗೊಂದು ಇದ್ದಲ್ಲಿ ಸ್ಟಿಕ್ಕಿಗೆ ಮೂರನೆಯದು ಸೇರುತ್ತದೆ. ಮೊದಲೆರಡು ಅವಗೆಂಪು ಕಿರಣದಿಂದ ಕೆಲಸ ಮಾಡುವಂಥವು, ಎದುರಿಗೆ ಹಿಡಿದು ಒತ್ತಬೇಕು; ಮೂರನೆಯದು ಬ್ಲೂಟೂತ್‌ನಿಂದ ಮಾತಾಡುವುದರಿಂದ ದಿಂಬಿನ ಕೆಳಗಿದ್ದರೂ, ಯಾರೋ ಅದರ ಮೇಲೆ ಕುಳಿತಿದ್ದರೂ ಕೆಲಸ ಮಾಡುತ್ತದೆ. ಕುಳಿತಾಗಲೇ ಹೆಚ್ಚು. ಧ್ವನಿಯಿಂದ ಆಜ್ಞೆ ಕೊಡುವ ಗುಂಡಿಯೂ ಇದರಲ್ಲಿದೆ. ಆ ಆಜ್ಞೆಯನ್ನು ಕೇಳಿಸಿಕೊಳ್ಳುವ ಅಲೆಕ್ಸಾ 2019ರಿಂದ ಹಿಂದಿಯನ್ನೂ ಅರಿಯುತ್ತಾಳೆ, ಇಂಗ್ಲಿಷ್ ಮೊದಲಿಂದಲೂ ಬರುತ್ತದೆ. ಕನ್ನಡಕ್ಕೆ ಅವಳ ಕಿವಿ ಇನ್ನೂ ತೆರೆದಿಲ್ಲ. 'ಅಣ್ಣಾವ್ರ ಸಿನಿಮಾ ಹಾಕವ್ವ' ಎಂದು ಮರ್ಯಾದೆಯಿಂದ ಕೇಳಿದರೂ ಫಲವಿಲ್ಲ. ಆಗ ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳ ಮೇಲೆ ಬಾಣದ ಗುರುತನ್ನು ನಡೆಸುತ್ತ 1972ರ 'ಬಂಗಾರದ ಮನುಷ್ಯ'ನನ್ನು ಅಕ್ಷರ ಅಕ್ಷರವಾಗಿ ಬರೆಯಬೇಕು. ಗಕಾರಕ್ಕೆ ದೀರ್ಘ ಕೊಡಬೇಕೋ ಬೇಡವೋ ಎಂಬಲ್ಲಿ ಮನೆಯಲ್ಲಿ ಎರಡು ಪಂಥಗಳಾಗುತ್ತವೆ.

ಈಚೆಗೆ ಕೊಂಡ ಸ್ಮಾರ್ಟ್ ಟಿವಿಗಳಲ್ಲಿ ಧಾರಾವಾಹಿ, ಸಿನಿಮಾ ತೋರಿಸುವ ಆ್ಯಪ್‌ಗಳೆಲ್ಲ ಮೊದಲೇ ಇರುತ್ತವಲ್ಲ, ಮತ್ತೆ ಸ್ಟಿಕ್ ಏಕೆ ಎಂಬ ಆಕ್ಷೇಪ ಉಂಟು. ಇದು ಅದ್ವೈತಿಗಳ ಪಕ್ಷ: ಹೊರಗೆ ಹುಡುಕುವುದು ಒಳಗೇ ಇದೆ. ಮೂರ್ನಾಲ್ಕು ವರ್ಷಕ್ಕೆ ಟಿವಿಯ ಒಳಗಿನ ತಂತ್ರಾಂಶ ಹಳತಾಗಿ, ಆ್ಯಪ್‌ಗಳು ತೆವಳಲು ತೊಡಗಿದ ಮೇಲೆ ಈ ಪಕ್ಷದವರೂ ಒಂದು ಸ್ಟಿಕ್ ತಂದು ದ್ವೈತಕ್ಕೆ ಬರುತ್ತಾರೆ.

ಸೆಟ್ ಟಾಪ್ ಬಾಕ್ಸನ್ನು ಕೀಳುವಂತಿಲ್ಲ ಎಂದದ್ದಕ್ಕೆ ಕಾರಣ ಅಜ್ಜಿ. ಕೇಬಲ್ ಇದ್ದಾಗ ಅಜ್ಜಿಯ ಸಂಜೆ ಆರರಿಂದ ಹತ್ತರವರೆಗಿನ ವ್ಯವಹಾರವೆಲ್ಲ ಮೂರು-ನಾಲ್ಕು ಸಂಖ್ಯೆಗಳಲ್ಲಿ ಮುಗಿಯುತ್ತಿತ್ತು. ಕನ್ನಡಕವಿಲ್ಲದೆಯೇ ಹೆಬ್ಬೆರಳಿಗೆ ಅವು ಗೊತ್ತಿದ್ದವು. ಸ್ಟಿಕ್ಕಿನಲ್ಲಿ ಚಾನೆಲ್ ಎಂಬ ಪದಾರ್ಥವೇ ಇಲ್ಲ. ಜೀ ಕನ್ನಡದ ಧಾರಾವಾಹಿಗೆ ಜೀ5, ಉದಯ ಟಿವಿಯದಕ್ಕೆ ಸನ್ ನೆಕ್ಸ್ಟ್, ಸ್ಟಾರ್ ಸುವರ್ಣದ್ದಕ್ಕೆ ಜಿಯೋಹಾಟ್‌ಸ್ಟಾರ್. ಕಲರ್ಸ್ ಕನ್ನಡದ ಕಥೆ ಇನ್ನೂ ಹೃದಯವಿದ್ರಾವಕ. ಅದರ ಧಾರಾವಾಹಿಗಳು ಮೊದಲು ವೂಟ್‌ನಲ್ಲಿ ಬಾಡಿಗೆಗಿದ್ದವು. 2023ರಲ್ಲಿ ಗಂಟುಮೂಟೆ ಕಟ್ಟಿ ಜಿಯೋಸಿನಿಮಾಕ್ಕೆ ಹೋದವು. 2025ರ ಫೆಬ್ರುವರಿ 14ರಂದು ಜಿಯೋಸಿನಿಮಾವೂ ಹಾಟ್‌ಸ್ಟಾರೂ ಒಂದಾಗಿ ಜಿಯೋಹಾಟ್‌ಸ್ಟಾರ್ ಆದಾಗ ಮತ್ತೆ ವಿಳಾಸ ಬದಲಾಯಿತು. ಯಾವ ಧಾರಾವಾಹಿಯ ಸೊಸೆಯೂ ಇಷ್ಟು ಮನೆ ಬದಲಿಸಿಲ್ಲ. ದೂರದರ್ಶನವೂ ಸುಮ್ಮನಿರಲಿಲ್ಲ, 2024ರ ನವೆಂಬರ್‌ನಲ್ಲಿ ಪ್ರಸಾರ ಭಾರತಿ ವೇವ್ಸ್ ಎಂಬ ತನ್ನದೇ ಆ್ಯಪ್ ತೆರೆಯಿತು.

ವಿಸರ್ಜನೆಯ ಮರುದಿನ ಸಂಜೆ ಬಹುತೇಕ ಮನೆಗಳಲ್ಲಿ ನಡೆಯುವ ಸಂವಾದವನ್ನು ಪಾಠಾಂತರಗಳನ್ನು ಬಿಟ್ಟು ಇಲ್ಲಿ ಕೊಡಲಾಗಿದೆ.

'ಪುಟ್ಟ, ಜೀ ಹಾಕೋ. ಏಳು ಗಂಟೆ ಆಯ್ತು.'

'ಅಜ್ಜಿ, ಲಾಗಿನ್ ಕೇಳ್ತಿದೆ. ಓಟಿಪಿ ಅಪ್ಪನ ಫೋನಿಗೆ ಹೋಗಿದೆ.'

'ಹಾಗಾದ್ರೆ ಅಪ್ಪನ್ನ ಕೇಳು.'

'ಅಪ್ಪ ಸಿಲ್ಕ್ ಬೋರ್ಡ್ ಹತ್ರ ಟ್ರಾಫಿಕ್ಕಲ್ಲಿ ಇದಾರೆ. ಫೋನ್ ಎತ್ತುತಾ ಇಲ್ಲ.'

'ಅವನು ಬರೋ ಹೊತ್ತಿಗೆ ಮದುವೇನೇ ಮುಗಿದುಹೋಗಿರತ್ತೆ ಕಣೋ.'

ಕನ್ನಡ ಧಾರಾವಾಹಿಗಳಲ್ಲಿ ಒಂದು ಮದುವೆ ವಾರಗಟ್ಟಲೆ ನಡೆಯುವುದರಿಂದ ಅಜ್ಜಿಯ ಆತಂಕಕ್ಕೆ ಶಾಸ್ತ್ರಾಧಾರವಿಲ್ಲ. ಅಲ್ಲದೆ ಆ್ಯಪ್‌ನಲ್ಲಿ ಕಂತು ಎಲ್ಲಿಗೂ ಓಡಿಹೋಗುವುದಿಲ್ಲ, ಯಾವಾಗ ಬೇಕಾದರೂ ನೋಡಬಹುದು ಎಂದು ಮೊಮ್ಮಗ ಸಮಾಧಾನ ಹೇಳುತ್ತಾನೆ. ಅವನಿಗೆ ವಿಷಯದ ಆಳ ತಿಳಿಯದು. ಏಳು ಗಂಟೆಯ ಧಾರಾವಾಹಿ ಎಂದರೆ ಏಳಕ್ಕೆ ಮೊದಲು ಕುಕ್ಕರ್ ಇಳಿದಿರಬೇಕು, ದೇವರ ದೀಪ ಹಚ್ಚಿರಬೇಕು ಎಂಬ ವ್ಯವಸ್ಥೆ. ಯಾವಾಗ ಬೇಕಾದರೂ ನೋಡಬಹುದಾದದ್ದಕ್ಕೆ ಯಾವ ಕುಕ್ಕರೂ ಇಳಿಯುವುದಿಲ್ಲ. ಇನ್ನೊಂದು ತೊಡಕು, ಕೆಲವು ಆ್ಯಪ್‌ಗಳು ಹಣ ಕಟ್ಟಿದವರಿಗೆ ಟಿವಿಗಿಂತ ಮೊದಲೇ ಕಂತು ತೋರಿಸುವ ಪದ್ಧತಿ ಇಟ್ಟಿವೆ. ಕೇಬಲ್ ಇರುವ ತಂಗಿ ದಾವಣಗೆರೆಯಿಂದ ಫೋನ್ ಮಾಡಿ 'ನಾಳೆ ಏನಾಗತ್ತೋ ಅಕ್ಕ' ಎಂದಾಗ ತ್ರಿಕಾಲಜ್ಞಾನಿಯಾದ ಅಜ್ಜಿ ಉತ್ತರ ಹೇಳಿಬಿಡುತ್ತಾರೆ. ನಲವತ್ತು ವರ್ಷದ ಅಕ್ಕ-ತಂಗಿಯರ ಮಾತುಕತೆಗೆ ಕುತ್ತು ಬರುವುದು ಇಂಥ ಕಡೆ. ಎರಡು ವಾರ ಕಳೆಯುವುದರೊಳಗೆ ಸೆಟ್ ಟಾಪ್ ಬಾಕ್ಸ್ ಮರಳಿ ತನ್ನ ಪ್ಲಗ್ ಸೇರುತ್ತದೆ.

ಪ್ರಮಾಣಶಾಸ್ತ್ರಕ್ಕೆ ಸ್ಟಿಕ್ ಕೊಟ್ಟ ಕೊಡುಗೆ ಕ್ರಿಕೆಟ್ಟಿನಲ್ಲಿದೆ. ನೈಯಾಯಿಕರು ಪ್ರತ್ಯಕ್ಷವನ್ನು ಎಲ್ಲ ಪ್ರಮಾಣಗಳಿಗಿಂತ ಮೊದಲು ಇಟ್ಟರು; ಕಣ್ಣಿಂದ ಕಂಡದ್ದರ ನಂತರ ಅನುಮಾನ, ಆಮೇಲೆ ಶಬ್ದ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೊನೆಯ ಓವರ್ ನಡೆಯುತ್ತಿರುವಾಗ, ಸ್ಟಿಕ್ ಇರುವ ಮನೆಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಪರದೆಯ ಮೇಲೆ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುತ್ತಾನೆ. ಅಷ್ಟರಲ್ಲಿ ಕೇಬಲ್ ಇರುವ ಪಕ್ಕದ ಮನೆಯಿಂದ 'ಹೋ' ಎಂಬ ಕೂಗು ಬರುತ್ತದೆ. ಶಬ್ದ ಪ್ರಮಾಣ ಮೊದಲು, ಪ್ರತ್ಯಕ್ಷ ಆಮೇಲೆ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಕೂಗಿನಿಂದ ಸಿಕ್ಸರನ್ನು ಊಹಿಸುವುದು ಅನುಮಾನ. ಪಕ್ಕದ ಮನೆ ಇದ್ದಕ್ಕಿದ್ದಂತೆ ಮೌನವಾದರೆ ನಮ್ಮವರು ಔಟಾದರೆಂದು ತಿಳಿಯುವುದು ಮೀಮಾಂಸಕರ ಅನುಪಲಬ್ಧಿ. ಎಲ್ಲ ಪ್ರಮಾಣಗಳಿಂದಲೂ ಸಿದ್ಧವಾದ ಮೇಲೆ, ಸುಮಾರು ಅರ್ಧ ನಿಮಿಷಕ್ಕೆ, ಚೆಂಡು ಪರದೆಯ ಮೇಲೆ ಹಾರುತ್ತದೆ.

ಇದರ ಕಾರಣ ವಿಸ್ಮಯಕಾರಿ. ಕೇಬಲ್‌ನವನ ಡಿಶ್ಶಿಗೆ ಬರುವ ಚಿತ್ರ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಏರಿ, ಅಷ್ಟೇ ದೂರ ಇಳಿದು ಬರುತ್ತದೆ. ಬೆಳಕಿನ ವೇಗದಲ್ಲಿ ಈ ಯಾತ್ರೆಗೆ ಹಿಡಿಯುವುದು ಕಾಲು ಸೆಕೆಂಡು. ಸಂಕೇತವಾಗಿ ಕಟ್ಟುವ, ಬಿಡಿಸುವ ಕೆಲಸವೆಲ್ಲ ಸೇರಿದರೂ ಕೆಲವೇ ಸೆಕೆಂಡು. ಸ್ಟಿಕ್ಕಿಗೆ ಬರುವ ಚಿತ್ರವಾದರೋ ನೆಲದ ಮೇಲೆಯೇ ಬರುತ್ತದೆ, ಆದರೆ ದಾರಿಯಲ್ಲಿ ಅದನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧಮಾಡಿ, ಸರ್ವರ್‌ಗಳಲ್ಲಿ ಇಟ್ಟು, ಆಮೇಲೆ ಮನೆಮನೆಗೆ ಕಳಿಸುತ್ತಾರೆ. ನೆಟ್ ನಿಧಾನವಾದರೆ ಕೈಗೆ ಬೇಕೆಂದು ಸ್ಟಿಕ್ಕೂ ಒಂದೆರಡು ತುಂಡುಗಳನ್ನು ಕೂಡಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ. ಪಕ್ಕದ ಮನೆಯ ಕೂಗು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಬರುವುದರಿಂದ, ಮೂವತ್ತು-ನಲವತ್ತು ಮೀಟರ್ ಆಚೆಗಿನ ಕಿಟಕಿಯಿಂದ ಹೊರಟದ್ದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ತಲುಪುತ್ತದೆ. ಅತ್ಯಾಧುನಿಕ ತಂತ್ರಜ್ಞಾನವು ಬರಿಯ ಗಂಟಲಿನ ಎದುರು ಸೋಲುವ ಅಪರೂಪದ ಸಂದರ್ಭವಿದು. ಪರಿಹಾರ ಎರಡೇ: ಕಿಟಕಿ ಮುಚ್ಚುವುದು, ಇಲ್ಲವೇ ಪಕ್ಕದ ಮನೆಯವರಿಗೂ ಸ್ಟಿಕ್ ಕೊಡಿಸುವುದು.

ಖರ್ಚಿನ ಪ್ರಕರಣವನ್ನು ಕರ್ಮಕಾಂಡದ ಪರಿಭಾಷೆಯಲ್ಲಿ ಹೇಳುವುದು ಸುಲಭ. ತಿಂಗಳು ತಪ್ಪದೆ ಕಟ್ಟಲೇಬೇಕಾದ ಇಂಟರ್ನೆಟ್ ಬಿಲ್ಲು ನಿತ್ಯಕರ್ಮ. ಮಾಡಿದರೆ ಪುಣ್ಯವಿಲ್ಲ, ಬಿಟ್ಟರೆ ಪಾಪ ತಪ್ಪಿದ್ದಲ್ಲ. ಐಪಿಎಲ್ ಬಂತೆಂದು ಎರಡು ತಿಂಗಳಿಗೆ ಹಾಕಿಸುವ ಚಂದಾ ನೈಮಿತ್ತಿಕ. ಆಫೀಸಿನಲ್ಲಿ ಎಲ್ಲರೂ ಒಂದು ಕೊರಿಯನ್ ಸರಣಿಯ ಬಗ್ಗೆ ಮಾತಾಡುತ್ತಾರೆಂದು ಮಾಡಿಸುವ ನೆಟ್‌ಫ್ಲಿಕ್ಸ್ ಕಾಮ್ಯ. ಕಾಮ್ಯಕರ್ಮದಲ್ಲಿ ಮಂತ್ರಲೋಪವಾದರೆ ಫಲ ಸಿಗದೆನ್ನುವುದಕ್ಕೆ ಇಲ್ಲಿ ಒಳ್ಳೆಯ ನಿದರ್ಶನವಿದೆ. ಅತಿ ಅಗ್ಗವೆಂದು 149 ರೂಪಾಯಿಯ ನೆಟ್‌ಫ್ಲಿಕ್ಸ್ ಪ್ಲಾನ್ ತೆಗೆದುಕೊಂಡ ಮನೆಯವರು ಸ್ಟಿಕ್ ಹಾಕಿ, ದೀಪ ಆರಿಸಿ, ಸೋಫಾ ಮೇಲೆ ಕುಳಿತ ನಂತರ ತಿಳಿಯುತ್ತದೆ: ಆ ಪ್ಲಾನ್ ಮೊಬೈಲು, ಟ್ಯಾಬ್ಲೆಟ್ಟುಗಳಿಗೆ ಮಾತ್ರ, ಟಿವಿಯಲ್ಲಿ ಬರುವುದಿಲ್ಲ.

ಅಮೆರಿಕದಲ್ಲಿರುವ ಮಗಳ ಪಾಸ್‌ವರ್ಡು ಇದ್ದ ಮನೆಗಳು ಈ ಕರ್ಮಗಳಿಂದ ಬಹುಕಾಲ ವಿನಾಯಿತಿ ಪಡೆದಿದ್ದವು. ಸ್ಯಾನ್ ಹೋಸೆಯಲ್ಲಿ ಕಟ್ಟಿದ ಚಂದಾದಲ್ಲಿ ಜಯನಗರದ ಅಪ್ಪ ಸಿನಿಮಾ ನೋಡುತ್ತಿದ್ದರು. ಕುಟುಂಬವೆಂದರೆ ಏನು ಎಂಬುದಕ್ಕೆ ಮನುವಿನಿಂದ ಹಿಡಿದು ಯಾರೂ ಇದಕ್ಕಿಂತ ಉದಾರವಾದ ವ್ಯಾಖ್ಯೆ ಕೊಟ್ಟಿರಲಿಲ್ಲ. 2023ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲಿ ಈ ಹಂಚಿಕೆಯನ್ನು ನಿಲ್ಲಿಸಿ, ಒಂದು ಖಾತೆ ಒಂದು ಮನೆಗೆ ಎಂದಿತು. ಅವಿಭಕ್ತ ಕುಟುಂಬ ಒಡೆದ ಕಾರಣಗಳ ಪಟ್ಟಿಗೆ ಸಮಾಜಶಾಸ್ತ್ರಜ್ಞರು ಇದನ್ನೂ ಸೇರಿಸಿಕೊಳ್ಳಬೇಕಾಗುತ್ತದೆ. ಅಮೆಜಾನ್ ಪ್ರೈಮ್ 2016ರಲ್ಲಿ ವರ್ಷಕ್ಕೆ 499 ರೂಪಾಯಿ ಇದ್ದದ್ದು 999 ಆಗಿ, 2021ರ ಡಿಸೆಂಬರ್‌ನಲ್ಲಿ 1,499 ಆಯಿತು. ಜಾಹೀರಾತಿನ ಕಾಟ ತಾಳದೆ ಕೇಬಲ್ ಬಿಟ್ಟವರ ಪಾಲಿಗೆ 2025ರ ಜೂನ್ ದೊಡ್ಡ ತಿರುವು: ಪ್ರೈಮ್ ವಿಡಿಯೋದಲ್ಲೂ ಜಾಹೀರಾತು ಶುರುವಾಯಿತು, ಅದು ಬೇಡವೆಂದರೆ ವರ್ಷಕ್ಕೆ 699 ರೂಪಾಯಿ ಬೇರೆ. ಕೇಬಲ್‌ನಲ್ಲಿ ಜಾಹೀರಾತನ್ನು ಎದ್ದು ಹೋಗಿ ಒಲೆಯ ಮೇಲಿನ ಹಾಲು ನೋಡಿಕೊಂಡು ಬರುವುದಕ್ಕಾದರೂ ಬಳಸಬಹುದಿತ್ತು, ಅದು ಎಷ್ಟು ಹೊತ್ತಿನದೆಂದು ಎಲ್ಲರಿಗೂ ಅಂದಾಜಿತ್ತು.

ಆಯ್ಕೆಯ ಸ್ವಾತಂತ್ರ್ಯವನ್ನು ಸ್ಟಿಕ್ಕಿನ ಪರಮ ಪುರುಷಾರ್ಥವೆಂದು ಕೊಂಡಾಡುವವರಿದ್ದಾರೆ. ಶನಿವಾರ ರಾತ್ರಿಯ ಊಟದ ಹೊತ್ತಿನಲ್ಲಿ ಅದನ್ನು ಪರೀಕ್ಷಿಸಬೇಕು. ತಟ್ಟೆಗೆ ಅನ್ನ-ಸಾರು ಬಡಿಸಿ ಆಗಿರುತ್ತದೆ. ಪರದೆಯ ಮೇಲೆ ಚಿತ್ರಗಳ ಸಾಲುಗಳು ಎಡಕ್ಕೂ ಬಲಕ್ಕೂ ಹರಿಯುತ್ತವೆ. ಒಂದು ಮಕ್ಕಳ ಮುಂದೆ ನೋಡುವಂಥದ್ದಲ್ಲ, ಇನ್ನೊಂದಕ್ಕೆ ಕನ್ನಡ ಇಲ್ಲ, ಮತ್ತೊಂದು ಚೆನ್ನಾಗಿದೆಯಂತೆ ಆದರೆ ಎಂಟು ಗಂಟೆ ಉದ್ದ, ಮಗದೊಂದನ್ನು ಒತ್ತಿದರೆ ಬಾಡಿಗೆ ಕೇಳುತ್ತದೆ. ಸಾರು ಕೆನೆಗಟ್ಟುತ್ತದೆ. ಕೊನೆಗೆ ಯಜಮಾನರು ರಿಮೋಟ್ ತೆಗೆದುಕೊಂಡು ಯೂಟ್ಯೂಬ್ ತೆರೆದು ಕನ್ನಡ ನ್ಯೂಸ್ ಚಾನೆಲ್ಲಿನ ನೇರಪ್ರಸಾರ ಹಾಕುತ್ತಾರೆ. ಅದೇ ನಿರೂಪಕ, ಅದೇ ಕೆಂಪು ಪಟ್ಟಿ, ಅದೇ ಬ್ರೇಕಿಂಗ್ ನ್ಯೂಸು. ಕೇಬಲ್‌ನಲ್ಲಿ ಬರುತ್ತಿದ್ದದ್ದೇ, ಅರ್ಧ ನಿಮಿಷ ತಡವಾಗಿ. ಕೇಬಲ್‌ನ ನಿಜವಾದ ಗುಣ ಏನೆಂದರೆ ಅದು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಹಾಕಿದ್ದನ್ನು ನೋಡುತ್ತ, ಹಾಕಿದವರನ್ನು ಬೈಯುತ್ತ ಇಡೀ ಮನೆ ಒಮ್ಮತದಲ್ಲಿ ಊಟ ಮುಗಿಸುತ್ತಿತ್ತು. ಈಗ ಬೈಯಬೇಕಾದರೆ ಆರಿಸಿದವರನ್ನೇ ಬೈಯಬೇಕು, ಅವರು ಪಕ್ಕದಲ್ಲೇ ಕುಳಿತಿರುತ್ತಾರೆ.

ಕೊನೆಯದಾಗಿ ಕೇಬಲ್‌ನವನ ಗತಿ. ಸ್ಟಿಕ್ ಬಂದ ಮೇಲೆ ಅವನು ಕಾಣೆಯಾಗುತ್ತಾನೆಂದು ಊಹಿಸಿದವರು ಸ್ಟಿಕ್ಕಿಗೆ ಇಂಟರ್ನೆಟ್ ಎಲ್ಲಿಂದ ಬರುತ್ತದೆಂದು ಯೋಚಿಸಿರಲಿಲ್ಲ. ಊರೂರುಗಳಲ್ಲಿ ಬಹಳಷ್ಟು ಕೇಬಲ್ ಆಪರೇಟರುಗಳು ಈಗ ಬ್ರಾಡ್‌ಬ್ಯಾಂಡ್ ಕೊಡುತ್ತಾರೆ. ಹಳೆಯ ಕಪ್ಪು ತಂತಿ ಏರಿದ ಸಂಪಿಗೆ ಮರವನ್ನೇ ಹೊಸ ಫೈಬರ್ ಏರುತ್ತದೆ, ಅದೇ ಕಿಟಕಿಯ ಅದೇ ತೂತಿನಿಂದ ಒಳಗೆ ಬರುತ್ತದೆ. ಪಕ್ಕದ ಬೀದಿಯಲ್ಲಿ ಕರೆಂಟು ಹೋದರೆ ಮನೆಯಲ್ಲಿ ಯುಪಿಎಸ್ ಇದ್ದರೂ ಟಿವಿ ನಿಲ್ಲುತ್ತಿದ್ದ ಸಂಪ್ರದಾಯವೂ ಎಷ್ಟೋ ಕಡೆ ಹಾಗೆಯೇ ಮುಂದುವರಿದಿದೆ. ರಸೀದಿ ಪುಸ್ತಕದ ಬದಲು ಕ್ಯೂಆರ್ ಕೋಡ್ ಬಂದಿದೆ, ಮೊತ್ತ ಹೆಚ್ಚಾಗಿದೆ. ಹಳೆಯ ತಂತಿಯನ್ನು ಅವನು ಬಿಚ್ಚಿಕೊಂಡು ಹೋಗುವುದಿಲ್ಲ. ದಪ್ಪ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ತುಕ್ಕಿನ ಕಲೆ ಹತ್ತದೆ, ಮಳೆಬಿಸಿಲಿಗೆ ಜಗ್ಗದೆ, ಅದು ತಾರಸಿಯಲ್ಲಿ ಬಟ್ಟೆ ಒಣಹಾಕಲು ಯೋಗ್ಯವಾಗಿದೆ. ಕೇಬಲ್‌ನಿಂದ ಸಂಪೂರ್ಣ ಮುಕ್ತರಾದೆವೆನ್ನುವ ಮನೆಗಳ ಬೆಡ್‌ಶೀಟುಗಳು ಹಾರಾಡುವುದು ಇದರ ಮೇಲೆಯೇ.

ಇಷ್ಟರ ಮೇಲೂ ಸ್ಟಿಕ್ ಹಾಕಿಸುವವರು ಮೊದಲು ಮನೆಯ ಹಿರಿಯರು ನೋಡುವ ಧಾರಾವಾಹಿಗಳು ಯಾವ ಯಾವ ಆ್ಯಪ್‌ನಲ್ಲಿವೆ ಎಂದು ಬರೆದುಕೊಳ್ಳಬೇಕು, ಅವುಗಳ ವರ್ಷದ ಚಂದಾ ಕೂಡಬೇಕು, ಅದನ್ನು ಕೇಬಲ್ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಬೇಕು. ಓಟಿಪಿ ಹೋಗುವ ಫೋನು ಸಂಜೆ ಮನೆಯಲ್ಲಿರುವವರದ್ದಾಗಿರಬೇಕು. ದುಡ್ಡು ಉಳಿಸುವುದೊಂದೇ ಗುರಿಯಾದರೆ ಸ್ಟಿಕ್ಕೂ ಬೇಡ, ಕೇಬಲ್ಲೂ ಬೇಡ: ಡಿಡಿ ಫ್ರೀ ಡಿಶ್‌ಗೆ ಡಿಶ್ ಮತ್ತು ಬಾಕ್ಸಿನ ಬೆಲೆಯನ್ನು ಒಮ್ಮೆ ಕೊಟ್ಟರೆ ಮುಗಿಯಿತು, ತಿಂಗಳ ಶುಲ್ಕವಿಲ್ಲ, ಪಾಸ್‌ವರ್ಡ್ ಇಲ್ಲ, ಚಂದನ ವಾಹಿನಿ ಬರುತ್ತದೆ.